ಓಬರ್ಲಿನ್ ಕಾಲೇಜಿನ ಕಲಾ ಮ್ಯೂಸಿಯಂ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಓಹಾಯೊ ರಾಜ್ಯದ ಓಬರ್ಲಿನ್ ಎಂಬ ಚಿಕ್ಕ ಊರಿನಲ್ಲಿ, ಕಾಲೇಜಿಗೇ ಸೇರಿದ ಒಂದು ಕಲಾ ಮ್ಯೂಸಿಯಂ ಇದೆ. ಅದರ ಹೆಸರು ಆಲನ್ ಮೆಮೋರಿಯಲ್ ಆರ್ಟ್ ಮ್ಯೂಸಿಯಂ. ನಾನು ಅಲ್ಲಿಗೆ ಹೋಗಿ ಬರುವುದು ಗೊತ್ತಿರುವ ಬಂಧುಗಳು, ಓದಲು ಬಂದ ಹುಡುಗ ಹುಡುಗಿಯರು, ಮಕ್ಕಳ ಮನೆಗೆಂದು ಆರು ತಿಂಗಳು ಬಂದ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಹೊರಡುವ ಮೊದಲು

"ಓಬರ್ಲಿನ್ ಅಂದ್ರೆ ಎಲ್ಲಿ ಬರುತ್ತೆ? ಹೆಸರೇ ಕೇಳಿಲ್ಲ."

ಕ್ಲೀವ್‌ಲ್ಯಾಂಡ್ ನಗರದಿಂದ ನೈರುತ್ಯಕ್ಕೆ ಸುಮಾರು 35 ಮೈಲಿ, ನಮ್ಮ ಲೆಕ್ಕದಲ್ಲಿ 55 ಕಿಲೋಮೀಟರ್ ಆಸುಪಾಸು. ಸುತ್ತಲೂ ಮುಸುಕಿನ ಜೋಳ, ಸೋಯಾ ಹೊಲಗಳು. ಜನಸಂಖ್ಯೆ ಎಂಟೂವರೆ ಸಾವಿರದಷ್ಟು. ನಮ್ಮ ಕಡೆಯ ಒಂದು ಹೋಬಳಿ ಕೇಂದ್ರದಷ್ಟು ಊರು. ಕಾಲೇಜು, ಊರು ಎರಡೂ 1833ರಲ್ಲಿ ಜೊತೆಯಾಗಿಯೇ ಹುಟ್ಟಿದವು.

ಊರು ಚಿಕ್ಕದಾದರೂ ಅದರ ಚರಿತ್ರೆ ದೊಡ್ಡದು. ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಕಾಲದಲ್ಲಿ, 1835ರಲ್ಲೇ, ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಈ ಕಾಲೇಜು ತೀರ್ಮಾನಿಸಿತು. 1837ರಲ್ಲಿ ಗಂಡಸರ ಜೊತೆಗೇ ಪದವಿ ಓದಲು ನಾಲ್ವರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ದಕ್ಷಿಣದಿಂದ ಕೆನಡಾ ಕಡೆಗೆ ತಪ್ಪಿಸಿಕೊಂಡು ಹೋಗುತ್ತಿದ್ದ ಗುಲಾಮರಿಗೆ ಈ ಊರಿನ ಮನೆಗಳು ಆಸರೆಯಾಗಿದ್ದವು. ಮ್ಯೂಸಿಯಂನ ಒಂದು ಶಿಲ್ಪದ ಮುಂದೆ ನಿಂತಾಗ ಇದೆಲ್ಲ ನೆನಪಿಗೆ ಬೇಕಾಗುತ್ತದೆ. ಅದಕ್ಕೇ ಮೊದಲೇ ಹೇಳಿದೆ.

"ಕಾರಿಲ್ಲದೆ ಹೋಗೋಕಾಗುತ್ತಾ?"

ಕಷ್ಟ. ಊರೊಳಗೆ ರೈಲು ಬರುವುದಿಲ್ಲ. ಹತ್ತಿರದ ಎಲಿರಿಯಾದಲ್ಲಿ ಆಮ್‌ಟ್ರಾಕ್ ರೈಲು ನಿಲ್ಲುತ್ತದೆ, ಆದರೆ ಗಾಡಿಗಳು ಬರುವುದು ರಾತ್ರಿ ಇಲ್ಲವೇ ಬೆಳಗಿನ ಜಾವ. ಕ್ಲೀವ್‌ಲ್ಯಾಂಡ್ ವಿಮಾನ ನಿಲ್ದಾಣ ನಗರದ ಈ ಬದಿಗೇ ಇರುವುದರಿಂದ ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆಯ ದಾರಿ. ಪರಿಚಯದವರ ಕಾರಿನಲ್ಲಿ ನಾಲ್ಕು ಜನ ಸೇರಿ ಹೋಗುವುದೇ ವಾಸಿ. ಊರು ತಲುಪಿದ ಮೇಲೆ ಕಾರು ಮರೆತುಬಿಡಿ. ನಡುವೆ ಟ್ಯಾಪನ್ ಸ್ಕ್ವೇರ್ ಎಂಬ ದೊಡ್ಡ ಹುಲ್ಲುಹಾಸಿನ ಬಯಲು, ಅದರ ಒಂದು ಅಂಚಿಗೆ ಅಂಗಡಿ ಬೀದಿ, ಇನ್ನೊಂದು ಅಂಚಿಗೆ ರಸ್ತೆಯಾಚೆ ಮ್ಯೂಸಿಯಂ. ಎಲ್ಲ ಐದು ನಿಮಿಷದ ನಡಿಗೆ. ಬಯಲಿನ ಮರಗಳಲ್ಲಿ ಬಿಳಿ ಅಳಿಲುಗಳಿವೆ. ಊರಿನವರಿಗೆ ಅವುಗಳ ಮೇಲೆ ತುಂಬಾ ಪ್ರೀತಿ. ಮಕ್ಕಳಿದ್ದರೆ ಮೊದಲು ಅವನ್ನು ತೋರಿಸಿ.

"ಟಿಕೆಟ್ ಎಷ್ಟು? ಹೊರಗಿನವರನ್ನು ಬಿಡ್ತಾರಾ?"

ಟಿಕೆಟ್ ಇಲ್ಲ. ಯಾರು ಬೇಕಾದರೂ ಹೋಗಬಹುದು, ಕಾಲೇಜಿನ ಗುರುತು ಚೀಟಿ ಬೇಕಿಲ್ಲ. "ಕಾಲೇಜು ಆವರಣ, ಯಾರಾದರೂ ಏನಾದರೂ ಅಂದಾರು" ಎಂದು ಬಾಗಿಲಲ್ಲೇ ಹಿಂಜರಿದವರನ್ನು ನಾನು ಕಂಡಿದ್ದೇನೆ. ಧೈರ್ಯವಾಗಿ ಒಳಗೆ ಹೋಗಿ. ಸೋಮವಾರ ರಜೆ, ದೊಡ್ಡ ಹಬ್ಬಗಳಿಗೂ ರಜೆ. ಕಾಲೇಜಿನ ಬಿಡುವಿನ ದಿನಗಳಲ್ಲಿ ಸಮಯ ಬದಲಾಗುವುದುಂಟು, ಹಾಗಾಗಿ ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

"ಕಾಲೇಜಿನ ಮ್ಯೂಸಿಯಂ ಅಂದ್ರೆ ವಿದ್ಯಾರ್ಥಿಗಳು ಬರೆದ ಚಿತ್ರಗಳಾ?"

ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದೇ. ಅಲ್ಲ. ಯೂರೋಪಿನ ಹೆಸರಾಂತ ಚಿತ್ರಕಾರರಾದ ಮೊನೆ, ಸೆಜಾನ್, ಟರ್ನರ್, ರೂಬೆನ್ಸ್, ಮೊಡಿಲ್ಯಾನಿ, ಪಿಕಾಸೊ ಇವರ ಮೂಲ ಚಿತ್ರಗಳು ಇಲ್ಲಿವೆ. ಒಟ್ಟು ಸಂಗ್ರಹ 15,000 ಕೃತಿಗಳಿಗೂ ಮೀರಿದ್ದು.

ಬೇರೆ ಮ್ಯೂಸಿಯಂಗೂ ಇದಕ್ಕೂ ಇರುವ ವ್ಯತ್ಯಾಸ ಕೃತಿಗಳ ದರ್ಜೆಯಲ್ಲಿಲ್ಲ, ಅವುಗಳನ್ನು ತಂದ ಉದ್ದೇಶದಲ್ಲಿದೆ. ಮೇಷ್ಟರು ತರಗತಿಯನ್ನು ಕರೆದುಕೊಂಡು ಬಂದು ಒಂದೇ ಚಿತ್ರದ ಮುಂದೆ ಗಂಟೆಗಟ್ಟಲೆ ಕೂರಿಸಿ ಪಾಠ ಮಾಡಲೆಂದು ಇಲ್ಲಿನ ಸಂಗ್ರಹ ಬೆಳೆದಿದೆ. ನೀವು ಹೋದ ದಿನ ಅಂಥ ಒಂದು ತರಗತಿ ನಡೆಯುತ್ತಿದ್ದರೆ ದೂರದಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ.

"ಎಷ್ಟು ಹೊತ್ತು ಬೇಕು? ಅರ್ಧ ದಿನದಲ್ಲಿ ಮುಗಿಯುತ್ತಾ?"

ಕಾಲಾಡಿಸಿದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ನೋಡಿದರೆ ಮೂರು ಗಂಟೆ ಸಾಲದು. ನ್ಯೂಯಾರ್ಕ್‌ನ ದೊಡ್ಡ ಮ್ಯೂಸಿಯಂನಲ್ಲಿ ಕಾಲು ಬಿದ್ದುಹೋಗುವಷ್ಟು ನಡೆದು ಕೊನೆಗೆ ಏನು ಕಂಡೆವು ಎಂದೇ ನೆನಪಿಲ್ಲದ ಅನುಭವ ಹಲವರಿಗಿದೆ. ಇಲ್ಲಿ ಹಾಗಾಗುವುದಿಲ್ಲ. ಬೆಳಿಗ್ಗೆ ಒಂದು ಸುತ್ತು ಹಾಕಿ, ಹೊರಗೆ ಊಟ ಮಾಡಿ, ಮಧ್ಯಾಹ್ನ ಮತ್ತೆ ಹೋಗಿ ಮನಸ್ಸಿಗೆ ಹಿಡಿಸಿದ ಎರಡು ಮೂರು ಚಿತ್ರಗಳನ್ನಷ್ಟೇ ನೋಡಿ. ದುಡ್ಡಿಲ್ಲದ ಪ್ರವೇಶದ ದೊಡ್ಡ ಅನುಕೂಲ ಇದೇ: ಕೊಟ್ಟ ಹಣ ದಕ್ಕಲಿ ಎಂದು ಎಲ್ಲವನ್ನೂ ನೋಡುವ ಒತ್ತಾಯ ಇರುವುದಿಲ್ಲ.

"ಬೆತ್ತಲೆ ಚಿತ್ರಗಳಿವೆಯಂತೆ. ಮಕ್ಕಳನ್ನು ಕರ್ಕೊಂಡು ಹೋಗಬಹುದಾ?"

ಇವೆ. ಮೊಡಿಲ್ಯಾನಿ 1917ರಲ್ಲಿ ಬರೆದ, ಹವಳದ ಸರ ತೊಟ್ಟ ನಗ್ನೆಯ ಚಿತ್ರ ಈ ಮ್ಯೂಸಿಯಂನ ಹೆಸರುವಾಸಿ ಕೃತಿಗಳಲ್ಲೊಂದು. ನಾವು ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ದವರು, ಬೇಲೂರಿನ ಮದನಿಕೆಯರನ್ನು ಬೆರಳು ಮಾಡಿ ತೋರಿಸಿದವರು. ಅಲ್ಲಿ ಮುಜುಗರ ಪಡದ ಕಣ್ಣನ್ನೇ ಇಲ್ಲಿಗೂ ಒಯ್ಯಬಹುದು. ಮಕ್ಕಳು ಒಂದು ಕ್ಷಣ ಕಿಸಕ್ಕೆಂದು ನಕ್ಕು ಮುಂದೆ ಹೋಗುತ್ತಾರೆ. ದೊಡ್ಡವರು ಗಾಬರಿಯಾಗಿ ಕೈ ಹಿಡಿದು ಎಳೆದಾಗಲೇ ಅದು ಅವರ ತಲೆಯಲ್ಲಿ ಉಳಿಯುವುದು.

## ಒಳಗೆ ಕಾಲಿಟ್ಟ ಮೇಲೆ

"ಫೋಟೋ ತೆಗೀಬಹುದಾ? ಬ್ಯಾಗು, ನೀರಿನ ಬಾಟಲಿ?"

ಸ್ವಂತಕ್ಕೆ, ಫ್ಲ್ಯಾಶ್ ಇಲ್ಲದೆ ಸಾಮಾನ್ಯವಾಗಿ ತೆಗೆಯಬಹುದು. ಬೇಡ ಎಂದು ಗುರುತು ಹಾಕಿದ ಕೃತಿಗಳನ್ನು ಬಿಡಿ. ಬೆನ್ನಿನ ಚೀಲ, ನೀರು, ತಿಂಡಿ ಹೊರಗಿರಲಿ. ತಿರುಗಿದಾಗ ಚೀಲ ಚಿತ್ರಕ್ಕೆ ತಾಗುವುದು ನಮಗೇ ಗೊತ್ತಾಗುವುದಿಲ್ಲ. ಟಿಪ್ಪಣಿ ಮಾಡುವುದಿದ್ದರೆ ಪೆನ್ಸಿಲ್ ಒಯ್ಯಿರಿ, ಪೆನ್ ಬೇಡ. ಯಾವುದನ್ನೂ ಮುಟ್ಟಬಾರದು. ನಮ್ಮಲ್ಲಿ ವಿಗ್ರಹ ಕಂಡರೆ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ರೂಢಿ. ಹಿರಿಯರಿಗೆ ಇದನ್ನು ಬಾಗಿಲಲ್ಲೇ ಮೆಲ್ಲಗೆ ಹೇಳಿಬಿಡಿ. ಒಳಗೆ ಕಾವಲಿನವರು ಹೇಳಿದರೆ ಅವರಿಗೆ ನೋವಾಗುತ್ತದೆ.

"ಇಷ್ಟು ಸಣ್ಣ ಊರಿಗೆ ಇಷ್ಟೊಂದು ದುಡ್ಡು ಎಲ್ಲಿಂದ ಬಂತು?"

ಹಳೆಯ ವಿದ್ಯಾರ್ಥಿಗಳಿಂದ. ಡಡ್ಲಿ ಪೀಟರ್ ಆಲನ್ ಇಲ್ಲಿ ಓದಿ ಕ್ಲೀವ್‌ಲ್ಯಾಂಡ್‌ನಲ್ಲಿ ಹೆಸರಾದ ಶಸ್ತ್ರವೈದ್ಯರು. ಅವರು ತೀರಿಕೊಂಡ ಮೇಲೆ ಅವರ ನೆನಪಿಗೆ ಪತ್ನಿ ಎಲಿಸಬೆತ್ ಸೆವರೆನ್ಸ್ ಆಲನ್ ಈ ಕಟ್ಟಡ ಕಟ್ಟಿಸಿಕೊಟ್ಟರು. ತೆರೆದದ್ದು 1917ರಲ್ಲಿ.

ಇನ್ನೊಬ್ಬರ ಕಥೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಚಾರ್ಲ್ಸ್ ಮಾರ್ಟಿನ್ ಹಾಲ್ ಇದೇ ಕಾಲೇಜಿನಲ್ಲಿ 1885ರಲ್ಲಿ ಪದವಿ ಪಡೆದ ಹುಡುಗ. ಮರು ವರ್ಷವೇ, 1886ರ ಫೆಬ್ರವರಿಯಲ್ಲಿ, ಓಬರ್ಲಿನ್‌ನ ತನ್ನ ಮನೆಯ ಸೌದೆ ಕೊಟ್ಟಿಗೆಯಲ್ಲಿ ವಿದ್ಯುತ್ ಹರಿಸಿ ಅಲ್ಯೂಮಿನಿಯಂ ಬೇರ್ಪಡಿಸುವ ಅಗ್ಗದ ದಾರಿ ಕಂಡುಹಿಡಿದ. ಅದೇ ವರ್ಷ ಫ್ರಾನ್ಸಿನಲ್ಲಿ ಎರೂ ಎಂಬಾತನೂ ಅದನ್ನೇ ಕಂಡುಹಿಡಿದ. ಅದಕ್ಕೆ ಮೊದಲು ಬೆಲೆಬಾಳುವ ಲೋಹವಾಗಿದ್ದ ಅಲ್ಯೂಮಿನಿಯಂ ಆಮೇಲೆ ನಮ್ಮ ಪಾತ್ರೆ, ಕುಕ್ಕರುಗಳಿಗೆ ಇಳಿಯಿತು. ಹಾಲ್ ತನ್ನ ಆಸ್ತಿಯ ದೊಡ್ಡ ಪಾಲನ್ನು ಓದಿದ ಕಾಲೇಜಿಗೇ ಬಿಟ್ಟುಹೋದ.

"ಕಟ್ಟಡದಲ್ಲಿ ನೋಡೋಕೇನಾದ್ರೂ ಇದೆಯಾ, ಒಳಗಿನದು ಮಾತ್ರವಾ?"

ಒಳಗೆ ಹೋಗುವ ಮೊದಲು ರಸ್ತೆಯಾಚೆ ನಿಂತು ನೋಡಿ. ಮುಂಭಾಗ ಇಟಲಿಯ ಪುನರುಜ್ಜೀವನ ಕಾಲದ ಶೈಲಿಯದು, ಸಾಲು ಕಮಾನುಗಳ ಮೊಗಸಾಲೆ. ವಿನ್ಯಾಸ ಕ್ಯಾಸ್ ಗಿಲ್ಬರ್ಟ್‌ನದು. ನ್ಯೂಯಾರ್ಕ್‌ನ ವುಲ್‌ವರ್ತ್ ಗೋಪುರ, ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ಕಟ್ಟಡ ಅವನವೇ. ಅದರ ಮಗ್ಗುಲಿಗೆ 1977ರಲ್ಲಿ ವಾಸ್ತುಶಿಲ್ಪಿ ರಾಬರ್ಟ್ ವೆಂಚುರಿಯ ಸಂಸ್ಥೆ ಸೇರಿಸಿದ ಹೊಸ ಭಾಗ ಇದೆ, ಗುಲಾಬಿ ಮತ್ತು ಕೆಂಪು ಕಲ್ಲಿನ ಚೌಕಾಬಾರ ಮನೆಯಂತೆ. ಹಳೆಯದನ್ನು ಅನುಕರಿಸದೆ, ಅದನ್ನು ಅವಮಾನಿಸದೆ ಪಕ್ಕದಲ್ಲಿ ನಿಲ್ಲುವುದು ಸುಲಭವಲ್ಲ. ವೆಂಚುರಿಗೆ ಅದು ಸಾಧ್ಯವಾಗಿದೆ ಎಂದು ನನಗನ್ನಿಸುತ್ತದೆ.

ಹೊಸ ಭಾಗದ ಮೂಲೆಯಲ್ಲಿ, ಕಿಟಕಿಯಾಚೆ, ಮರದ ಪಟ್ಟಿಗಳಿಂದ ಮಾಡಿದ ಒಂದು ದಪ್ಪ ಗ್ರೀಕ್ ಕಂಬ ನಿಂತಿದೆ. ಹೊರಗಿನ ಹುಲ್ಲಿನಲ್ಲಿ ಅರ್ಧ ಹೂತಂತಿರುವ ದೈತ್ಯ ವಿದ್ಯುತ್ ಪ್ಲಗ್ ಕ್ಲೇಸ್ ಓಲ್ಡನ್‌ಬರ್ಗ್‌ನ 1970ರ ಶಿಲ್ಪ. ಮಕ್ಕಳಿಗೆ ಮೊನೆಗಿಂತ ಮೊದಲು ಇಷ್ಟವಾಗುವುದು ಇದೇ.

## ಚಿತ್ರಗಳ ಮುಂದೆ

"ನಂಗೆ ಕಲೆ ಅರ್ಥ ಆಗಲ್ಲ. ಹೋಗಿ ಏನು ಮಾಡಲಿ?"

ಒಂದು ಚಿತ್ರ ಆರಿಸಿಕೊಂಡು ಹತ್ತು ನಿಮಿಷ ಅದರ ಮುಂದೆ ಇರಿ. ಗೋಡೆಯ ಚೀಟಿ ಮೊದಲು ಓದಬೇಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ? ಯಾರು ಯಾರನ್ನು ನೋಡುತ್ತಿದ್ದಾರೆ? ಯಾರ ಕೈ ಏನು ಮಾಡುತ್ತಿದೆ? ಇಷ್ಟು ಕೇಳಿಕೊಂಡರೆ ಸಾಕು. ಮೊದಲ ಎರಡು ನಿಮಿಷ ಬೇಸರವಾಗುತ್ತದೆ. ಮೂರನೆಯದರಲ್ಲಿ ಅಲ್ಲಿಯವರೆಗೆ ಕಾಣದೇ ಇದ್ದ ಒಂದು ವಸ್ತು ಕಾಣುತ್ತದೆ, ಅಲ್ಲಿಂದ ಮುಂದೆ ಚಿತ್ರವೇ ನಿಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಕ್ಷಗಾನಕ್ಕೆ ಮೊದಲ ಸಲ ಕೂತವರಿಗೂ ಪೂರ್ವರಂಗದಲ್ಲಿ ನಿದ್ದೆ ಬರುತ್ತದೆ. ನಡುರಾತ್ರಿ ದಾಟಿದ ಮೇಲೆ ಏಳಲು ಮನಸ್ಸು ಬರುವುದಿಲ್ಲ.

"ಒಂದೇ ಒಂದು ಚಿತ್ರ ನೋಡಬೇಕು ಅಂದ್ರೆ ಯಾವುದು?"

ಹೆಂಡ್ರಿಕ್ ಟೆರ್ ಬ್ರುಗ್ಗೆನ್ 1625ರಲ್ಲಿ ಬರೆದ, ಸಂತ ಸೆಬಾಸ್ಟಿಯನ್‌ನನ್ನು ಐರೀನ್ ಉಪಚರಿಸುತ್ತಿರುವ ಚಿತ್ರ. ಬೇರೆಯವರು ಮೊನೆ ಅನ್ನಬಹುದು. ನನ್ನ ಉತ್ತರ ಇಷ್ಟು ವರ್ಷಗಳಲ್ಲಿ ಬದಲಾಗಿಲ್ಲ.

ಕಥೆ ಹೀಗಿದೆ. ಸೆಬಾಸ್ಟಿಯನ್ ರೋಮನ್ ಸೈನಿಕ. ಕ್ರೈಸ್ತ ನಂಬಿಕೆ ಬಿಡಲಿಲ್ಲವೆಂದು ಅವನನ್ನು ಮರಕ್ಕೆ ಕಟ್ಟಿ ಬಾಣ ಬಿಡುತ್ತಾರೆ. ಸತ್ತನೆಂದು ಬಿಟ್ಟುಹೋದ ಮೇಲೆ ಐರೀನ್ ಎಂಬ ವಿಧವೆ ಬಂದು ನೋಡಿದರೆ ಇನ್ನೂ ಜೀವವಿದೆ. ಈ ಕಥೆಯನ್ನು ಬರೆದ ಬಹುತೇಕರು ಬಾಣಗಳನ್ನೂ ಸುಂದರ ದೇಹವನ್ನೂ ಬರೆದರು. ಟೆರ್ ಬ್ರುಗ್ಗೆನ್ ಬರೆದದ್ದು ಆಮೇಲಿನ ಗಳಿಗೆಯನ್ನು. ಐರೀನ್ ಎಚ್ಚರಿಕೆಯಿಂದ ಒಂದು ಬಾಣ ಕೀಳುತ್ತಿದ್ದಾಳೆ. ಅವಳ ಮೇಲೆ ಬಾಗಿದ ಸೇವಕಿ ಮಣಿಕಟ್ಟಿನ ಹಗ್ಗದ ಗಂಟು ಬಿಚ್ಚುತ್ತಿದ್ದಾಳೆ. ಮೂರು ತಲೆಗಳೂ ಒಂದೇ ಓರೆ ಗೆರೆಯಲ್ಲಿವೆ. ದೇಹದ ಬಣ್ಣ ಬೂದು ಹಸಿರು, ಹೆಣಕ್ಕೆ ತಿರುಗುತ್ತಿರುವ ಬಣ್ಣ. ಹಿಂದೆ ಕವಿದ ಆಕಾಶ, ಕೆಳಗೆ ದಿಗಂತದಲ್ಲಿ ಒಂದು ಬೆಳಕಿನ ಗೀರು.

ಆ ಕಾಲದ ಯೂರೋಪಿನಲ್ಲಿ ಪ್ಲೇಗು ಬಂದಾಗ ಜನ ಮೊರೆ ಹೋಗುತ್ತಿದ್ದುದು ಸೆಬಾಸ್ಟಿಯನ್‌ಗೆ, ಬೆಂಗಳೂರಿನವರು ಪ್ಲೇಗಮ್ಮನಿಗೆ ಹರಕೆ ಹೊತ್ತ ಹಾಗೆ. ಆದರೆ ಈ ಚಿತ್ರದಲ್ಲಿ ಪವಾಡ ಮಾಡುವವರಿಲ್ಲ, ರೋಗಿಯ ಪಕ್ಕ ಕೆಲಸ ಮಾಡುವ ಇಬ್ಬರು ಹೆಂಗಸರಿದ್ದಾರೆ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಯಾರ ಮಂಚದ ಬಳಿಯಾದರೂ ಕೂತವರಿಗೆ ಆ ಬೆರಳುಗಳು ಗೊತ್ತು. ನನ್ನ ಜೊತೆ ಬಂದಿದ್ದ ಒಬ್ಬ ಹಿರಿಯ ನರ್ಸ್ ಈ ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಗಂಟು ಬಿಚ್ಚೋಳು ಮುಖ ನೋಡ್ತಿಲ್ಲ, ಕೆಲಸ ಗೊತ್ತಿರೋಳು" ಎಂದರು. ನಾನು ಅಷ್ಟು ಸಲ ನೋಡಿಯೂ ಅದನ್ನು ಗಮನಿಸಿರಲಿಲ್ಲ.

"ಕೈ ಕತ್ತರಿಸಿದ ಸೈನಿಕನ ಚಿತ್ರ ನೋಡಿ ಹೆದರಿಕೆಯಾಯ್ತು. ಅದು ಏನು?"

ಜರ್ಮನಿಯ ಎರ್ನ್ಸ್ಟ್ ಲುಡ್ವಿಗ್ ಕಿರ್ಷ್ನರ್ 1915ರಲ್ಲಿ ತನ್ನನ್ನೇ ಬರೆದುಕೊಂಡ ಚಿತ್ರ. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿ, ಕೆಲವೇ ತಿಂಗಳಲ್ಲಿ ಮನಸ್ಸು ಕುಸಿದು ಹೊರಬಂದವನು. ಸಮವಸ್ತ್ರ ತೊಟ್ಟಿದ್ದಾನೆ, ಭುಜದ ಮೇಲೆ ಅವನ ದಳದ 75 ಎಂಬ ಅಂಕಿ. ಬಾಯಲ್ಲಿ ಸಿಗರೇಟು. ಮೇಲೆತ್ತಿದ ಬಲಗೈಗೆ ಹಸ್ತವೇ ಇಲ್ಲ, ಹಸಿ ಗಾಯದ ಮೊಂಡು. ನಿಜದಲ್ಲಿ ಅವನ ಕೈಗೆ ಏನೂ ಆಗಿರಲಿಲ್ಲ. ಇನ್ನು ಚಿತ್ರ ಬರೆಯಲಾರೆನೇನೋ ಎಂಬ ಭಯ ಆ ರೂಪ ತಾಳಿದೆ, ಮತ್ತು ಆ ಭಯವನ್ನು ಅದೇ ಕೈಯಿಂದ ಬರೆದಿದ್ದಾನೆ.

ಚಿತ್ರದ ಮುಂದಿನ ಪಾಡೂ ಸಣ್ಣದಲ್ಲ. ಫ್ರಾಂಕ್‌ಫರ್ಟ್‌ನ ಮ್ಯೂಸಿಯಂನಿಂದ ನಾಜಿಗಳು ಅದನ್ನು ಕಿತ್ತುಕೊಂಡು, 1937ರಲ್ಲಿ ಮ್ಯೂನಿಕ್‌ನ ‘ಅಧಃಪತನದ ಕಲೆ’ ಪ್ರದರ್ಶನದಲ್ಲಿ ಹೀನ ಹೆಸರಿಟ್ಟು ತೂಗುಹಾಕಿದರು. ಮರುವರ್ಷ ಕಿರ್ಷ್ನರ್ ಸ್ವಿಟ್ಜರ್ಲೆಂಡಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಓಬರ್ಲಿನ್ ಇದನ್ನು ಕೊಂಡದ್ದು 1950ರಲ್ಲಿ.

"ಮೊನೆ ಚಿತ್ರದಲ್ಲಿ ನೀರೂ ಇಲ್ಲ, ಕಮಲವೂ ಇಲ್ಲ. ಅದು ನಿಜವಾಗಿ ಅವನದೇನಾ?"

ಅವನದೇ, ಎಳೆಯ ವಯಸ್ಸಿನದು. 1867ರಲ್ಲಿ ಇಪ್ಪತ್ತಾರರ ಮೊನೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಿಂದ ಚಿತ್ರ ಬರೆಯಲು ಅನುಮತಿ ಪಡೆದ. ಅಲ್ಲಿಗೆ ಹೋಗುವ ಕಲಿಯುವ ಹುಡುಗರೆಲ್ಲ ಗೋಡೆಯ ಮೇಲಿನ ಹಳೆಯ ಗುರುಗಳ ಚಿತ್ರ ನಕಲು ಮಾಡುತ್ತಿದ್ದರು. ಇವನು ಅವರಿಗೆಲ್ಲ ಬೆನ್ನು ತಿರುಗಿಸಿ, ಮೊಗಸಾಲೆಯಲ್ಲಿ ನಿಂತು ಹೊರಗೆ ಕಂಡ ತೋಟ, ಬೀದಿ, ಗಾಡಿ, ದೂರದ ಪಾಂತಿಯೋನ್ ಗುಮ್ಮಟ ಬರೆದ. ಹುಲ್ಲುಹಾಸಿನ ಹಸಿರು ಚಪ್ಪಟೆಯಾಗಿ ಕೆಳಗೆ ಹಾಸಿದೆ, ಮೇಲೆ ಅರ್ಧಕ್ಕರ್ಧ ಮೋಡದ ಆಕಾಶ. ಅವನ ಹೆಸರಾಂತ ಕಮಲದ ಕೊಳದ ಚಿತ್ರಗಳು ಬರಲು ಇನ್ನೂ ಹಲವು ದಶಕ ಬೇಕಿತ್ತು.

"ಕಪ್ಪು ಶಿಲ್ಪಿಯೊಬ್ಬಳ ಕಥೆ ಇದೆ ಅಂದ್ರಿ. ಯಾರವಳು?"

ಎಡ್ಮೋನಿಯಾ ಲೂಯಿಸ್. ತಂದೆ ಕಪ್ಪು ಜನಾಂಗದವರು, ತಾಯಿಯ ಕಡೆ ಒಜಿಬ್ವೆ ಮೂಲನಿವಾಸಿಗಳು. 1859ರಲ್ಲಿ ಓಬರ್ಲಿನ್‌ಗೆ ಓದಲು ಬಂದಳು. 1862ರ ಚಳಿಗಾಲದಲ್ಲಿ ಇಬ್ಬರು ಬಿಳಿಯ ಸಹಪಾಠಿಗಳಿಗೆ ವಿಷ ಬೆರೆಸಿದ ಮದ್ಯ ಕೊಟ್ಟಳೆಂಬ ಆರೋಪ ಬಂತು. ವಿಚಾರಣೆಗೆ ಮೊದಲೇ ಗುಂಪೊಂದು ಅವಳನ್ನು ಎಳೆದೊಯ್ದು ಬಡಿದು ಹೊಲದಲ್ಲಿ ಬಿಟ್ಟುಹೋಯಿತು. ಇದೇ ಕಾಲೇಜಿನಲ್ಲಿ ಓದಿದ ಕಪ್ಪು ವಕೀಲ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ವಾದಿಸಿ ಅವಳನ್ನು ಬಿಡಿಸಿದ. ಆಮೇಲೆ ಚಿತ್ರ ಸಾಮಗ್ರಿ ಕದ್ದಳೆಂಬ ಇನ್ನೊಂದು ಆರೋಪ. ಪದವಿ ಮುಗಿಯದೆ 1863ರಲ್ಲಿ ಊರು ಬಿಟ್ಟಳು. ಬಾಸ್ಟನ್ ಸೇರಿ, ಅಲ್ಲಿಂದ ರೋಮ್‌ಗೆ ಹೋಗಿ ಅಮೃತಶಿಲೆಯಲ್ಲಿ ಕೆತ್ತಿ ಹೆಸರಾದಳು.

ಮ್ಯೂಸಿಯಂನಲ್ಲಿರುವುದು ಅವಳು 1874ರಲ್ಲಿ ಕೆತ್ತಿದ ಜೇಮ್ಸ್ ಪೆಕ್ ಥಾಮಸ್‌ರ ಎದೆಮಟ್ಟದ ಪ್ರತಿಮೆ. ಆತ ಗುಲಾಮನಾಗಿ ಹುಟ್ಟಿ ಮುಂದೆ ಸೇಂಟ್ ಲೂಯಿಸ್‌ನಲ್ಲಿ ಸಿರಿವಂತನಾದ ವ್ಯಾಪಾರಿ. ಅಂದರೆ ಓಡಿಸಲ್ಪಟ್ಟ ಊರಿಗೇ ಅವಳ ಕೈಕೆಲಸ ಮರಳಿ ಬಂದಿದೆ. 2022ರಲ್ಲಿ ಕಾಲೇಜು ಅವಳಿಗೆ ಮರಣೋತ್ತರವಾಗಿ ಪದವಿ ಕೊಟ್ಟಿತು, ಅವಳು ಊರು ಬಿಟ್ಟ ಸುಮಾರು 160 ವರ್ಷದ ಮೇಲೆ. ಮೊದಲ ಉತ್ತರದಲ್ಲಿ ಈ ಊರಿನ ಹೆಮ್ಮೆಯನ್ನು ಹೇಳಿದೆ. ಅದರ ಜೊತೆ ಇದನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

"ನಮ್ಮ ದೇಶದ್ದು ಏನಾದ್ರೂ ಇದೆಯಾ? ಅಮ್ಮನಿಗೆ ಅದೇ ಬೇಕು."

ಅಮ್ಮನಿಗಾಗಿ ಹೋಗುವುದಾದರೆ ಕ್ಲೀವ್‌ಲ್ಯಾಂಡ್ ಮ್ಯೂಸಿಯಂ ಆಫ್ ಆರ್ಟ್‌ಗೆ ಕರೆದೊಯ್ಯಿರಿ. ಅಲ್ಲಿ ಚೋಳರ ಕಾಲದ ಕಂಚಿನ ನಟರಾಜನಿದ್ದಾನೆ, ಪ್ರವೇಶವೂ ಉಚಿತ. ಏಷ್ಯಾದ ಕಲೆಯಲ್ಲಿ ಓಬರ್ಲಿನ್‌ನ ಹೆಸರು ಜಪಾನಿನ ಮರದಚ್ಚಿನ ಚಿತ್ರಗಳಿಗೆ, ಅಂದರೆ ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಚಿತ್ರಗಳಿಗೆ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

## ಒಂದೆರಡು ಸಲ ಹೋಗಿ ಬಂದವರು ಕೇಳುವುದು

"ವಿದ್ಯಾರ್ಥಿಗಳಿಗೆ ಪಿಕಾಸೊ ಚಿತ್ರವನ್ನು ರೂಮಿಗೆ ಕೊಡ್ತಾರಂತೆ, ನಿಜವಾ?"

ನಿಜ. ಈ ಮ್ಯೂಸಿಯಂ ಬಗ್ಗೆ ನನಗೆ ಅತಿ ಪ್ರಿಯವಾದ ಸಂಗತಿ ಇದು. ಎಲೆನ್ ಜಾನ್ಸನ್ ಇಲ್ಲಿಯೇ ಓದಿ, 1939ರಲ್ಲಿ ಕಲಾ ಗ್ರಂಥಪಾಲಕಿಯಾಗಿ ಮರಳಿ ಬಂದವರು. ಮುಂದೆ ಆಧುನಿಕ ಕಲೆಯ ಪ್ರಾಧ್ಯಾಪಕಿಯಾದರು. 1940ರಲ್ಲಿ ಅವರು ಚಿತ್ರ ಬಾಡಿಗೆಗೆ ಕೊಡುವ ಪದ್ಧತಿ ಶುರು ಮಾಡಿದರು. ಗ್ರಂಥಾಲಯದಿಂದ ಪುಸ್ತಕ ಒಯ್ಯುವ ಹಾಗೆ ವಿದ್ಯಾರ್ಥಿ ಒಂದು ಮೂಲ ಕೃತಿಯನ್ನು ಒಯ್ದು, ಒಂದು ಸೆಮಿಸ್ಟರ್ ತನ್ನ ಹಾಸ್ಟೆಲ್ ಕೋಣೆಯ ಗೋಡೆಗೆ ಹಾಕಿಕೊಳ್ಳಬಹುದು. ಬಹುಕಾಲ ಬಾಡಿಗೆ ಒಂದು ಕೃತಿಗೆ 5 ಡಾಲರ್ ಇತ್ತು. ಪಿಕಾಸೊ, ಶಗಾಲ್, ವಾರ್ಹಾಲ್ ಇವರ ಅಚ್ಚಿನ ಚಿತ್ರಗಳೂ ಅದರಲ್ಲಿ ಇವೆ. ಬೇಕಾದದ್ದು ಸಿಗಬೇಕೆಂದು ಹುಡುಗರು ಹಿಂದಿನ ರಾತ್ರಿಯೇ ಡೇರೆ, ಕಂಬಳಿ ತಂದು ಮ್ಯೂಸಿಯಂ ಅಂಗಳದಲ್ಲಿ ಮಲಗುತ್ತಾರೆ.

ಮ್ಯೂಸಿಯಂನಲ್ಲಿ ಹತ್ತು ನಿಮಿಷ ನೋಡುವುದೇ ಬೇರೆ, ಪರೀಕ್ಷೆಯ ಹಿಂದಿನ ರಾತ್ರಿ, ಜ್ವರ ಬಂದು ಮಲಗಿದಾಗ, ಮನೆ ನೆನಪಾಗಿ ಅಳು ಬಂದಾಗ ಎದುರಿಗೆ ಅದೇ ಚಿತ್ರ ಇರುವುದೇ ಬೇರೆ. ಪ್ರವಾಸಿಗಳಾದ ನಮಗೆ ಈ ಭಾಗ್ಯವಿಲ್ಲ. ಆದರೆ ನಿಮ್ಮ ಮಗನೋ ಮಗಳೋ ಅಲ್ಲಿ ಓದುತ್ತಿದ್ದರೆ ಒಂದು ಸೆಮಿಸ್ಟರ್ ಕೂಡ ಬಿಡಬೇಡಿ ಎಂದು ಹೇಳಿ.

"ಜಪಾನಿ ಚಿತ್ರಗಳಿಗಾಗಿಯೇ ಹೋದೆ, ಒಂದೂ ಹೊರಗಿರಲಿಲ್ಲ. ಯಾಕೆ ಬಚ್ಚಿಡ್ತಾರೆ?"

ಬೆಳಕಿನ ಭಯಕ್ಕೆ. 1889ರಲ್ಲಿ ಪದವಿ ಮುಗಿಸಿದ ಮೇರಿ ಏನ್ಸ್‌ವರ್ತ್ 1906ರಲ್ಲಿ ಜಪಾನಿಗೆ ಹೋದಾಗ ಮರದಚ್ಚಿನ ಚಿತ್ರಗಳನ್ನು ಕೊಳ್ಳಲು ಶುರು ಮಾಡಿದರು. ಜೀವಮಾನವಿಡೀ ಕೂಡಿಟ್ಟ 1,500ಕ್ಕೂ ಹೆಚ್ಚು ಚಿತ್ರಗಳು 1950ರಲ್ಲಿ ಕಾಲೇಜಿಗೆ ಬಂದವು. ಹಿರೋಶಿಗೆ ಎಂಬ ಚಿತ್ರಕಾರನವು ಬಹಳ ಇವೆ. ಈ ಚಿತ್ರಗಳ ಬಣ್ಣಗಳಲ್ಲಿ ಕೆಲವು ಹೂವು, ಗಿಡಗಳಿಂದ ತೆಗೆದವು. ಹೂವಿನ ನೀಲಿ, ಕುಸುಬೆಯ ನಸುಗೆಂಪು ಬೆಳಕಿಗೆ ಬಿದ್ದರೆ ಮಾಸುತ್ತವೆ, ಮಾಸಿದ್ದು ಮರಳಿ ಬರುವುದಿಲ್ಲ. ಆಗ ಹೊರದೇಶದಿಂದ ಬಂದ ಪ್ರಷ್ಯನ್ ನೀಲಿ ಮಾತ್ರ ಗಟ್ಟಿ. ಹಿರೋಶಿಗೆಯ ಆಕಾಶ ಇಂದಿಗೂ ಕಡುನೀಲಿಯಾಗಿ ಇರುವುದು ಅದರಿಂದ. ಹಾಗಾಗಿ ಕೆಲವೇ ಚಿತ್ರಗಳನ್ನು ಮಂದ ಬೆಳಕಿನಲ್ಲಿ ಕೆಲವು ತಿಂಗಳು ಇಟ್ಟು, ಮತ್ತೆ ಕತ್ತಲಿನ ಪೆಟ್ಟಿಗೆಗೆ ಸೇರಿಸುತ್ತಾರೆ. ಅಜ್ಜಿಯ ಧಾರೆ ಸೀರೆಯನ್ನು ಬಿಸಿಲಿಗೆ ಹರವದೆ ಮಡಿಸಿಡುತ್ತಿದ್ದ ಕಾರಣವೇ ಇದು.

"ಹಗ್ಗ ಸುತ್ತಿದ ಏಣಿಯಂಥದ್ದು ಒಂದು ನಿಂತಿತ್ತು. ಅದೂ ಕಲೆಯಾ?"

ಅದು ಈವಾ ಹೆಸ್ಸೆಯ 1966ರ ಶಿಲ್ಪ, ಹತ್ತು ಅಡಿಗೂ ಎತ್ತರ. ಹಾವುಗಳು ಸುತ್ತಿಕೊಂಡ ತಂದೆ ಮಕ್ಕಳ ಪ್ರಾಚೀನ ಶಿಲ್ಪ ರೋಮ್‌ನಲ್ಲಿದೆ, ಲಾವೊಕೂನ್ ಎಂದು. ಹೆಸ್ಸೆ ತನ್ನ ಕೃತಿಗೂ ಅದೇ ಹೆಸರಿಟ್ಟಳು. ಮನುಷ್ಯರನ್ನು ತೆಗೆದುಹಾಕಿ, ಚೌಕಟ್ಟು ಮತ್ತು ಸುತ್ತಿದ ಹಗ್ಗ ಉಳಿಸಿಕೊಂಡಳು. ಅದರ ಸುತ್ತ ಒಮ್ಮೆ ನಡೆಯಿರಿ. ನೇರ ಗೆರೆಗಳ ಮೇಲೆ ಜೋತುಬಿದ್ದ ಹಗ್ಗದ ಭಾರ ಮೈಗೆ ತಿಳಿಯುತ್ತದೆ. ಹೆಸ್ಸೆ ಹ್ಯಾಂಬರ್ಗ್‌ನ ಯಹೂದಿ ಕುಟುಂಬದ ಮಗಳು, ಮಗುವಾಗಿದ್ದಾಗ ನಾಜಿಗಳಿಂದ ಪಾರಾಗಿ ಅಮೆರಿಕಕ್ಕೆ ಬಂದವಳು. 1970ರಲ್ಲಿ, 34ರಲ್ಲೇ, ತೀರಿಕೊಂಡಳು. ಅವಳ ದಿನಚರಿ, ಟಿಪ್ಪಣಿ ಪುಸ್ತಕಗಳನ್ನು ಅಕ್ಕ ಈ ಮ್ಯೂಸಿಯಂಗೇ ಕೊಟ್ಟರು. ಆಧುನಿಕ ಶಿಲ್ಪವನ್ನು ಓದುವವರು ಬೇರೆ ದೇಶಗಳಿಂದ ಇಲ್ಲಿಗೆ ಬರುವುದು ಅವುಗಳಿಗಾಗಿ.

"ಫ್ರ್ಯಾಂಕ್ ಲಾಯ್ಡ್ ರೈಟ್ ಮನೆಯೂ ಮ್ಯೂಸಿಯಂಗೆ ಸೇರಿದ್ದೇ?"

ಹೌದು, ಅದೂ ಎಲೆನ್ ಜಾನ್ಸನ್ ಅವರ ಕೊಡುಗೆ. 1940ರ ದಶಕದ ಕೊನೆಗೆ ವೆಲ್ಟ್‌ಜೈಮರ್ ಕುಟುಂಬಕ್ಕೆ ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ರೈಟ್ ವಿನ್ಯಾಸ ಮಾಡಿದ ಇಟ್ಟಿಗೆ ಮತ್ತು ರೆಡ್‌ವುಡ್ ಮರದ ಮನೆ. ಜಾನ್ಸನ್ ಅದನ್ನು 1968ರಲ್ಲಿ ಕೊಂಡು, ಮೊದಲಿನ ರೂಪಕ್ಕೆ ತಂದು, ಅಲ್ಲೇ ಬಾಳಿ, 1992ರಲ್ಲಿ ತೀರಿಕೊಂಡಾಗ ಕಾಲೇಜಿಗೆ ಬಿಟ್ಟುಹೋದರು. ಮ್ಯೂಸಿಯಂನಂತೆ ದಿನವೂ ತೆರೆದಿರುವುದಿಲ್ಲ. ನಿಗದಿತ ದಿನಗಳಲ್ಲಿ ಮಾತ್ರ. ಮೊದಲೇ ವಿಚಾರಿಸಿ ಹೊರಡಿ.

"ಕಾಲೇಜಿಗೆ ದುಡ್ಡಿನ ಕಷ್ಟ ಬಂದ್ರೆ ಒಂದು ಮೊನೆ ಮಾರಿದ್ರೆ ಆಯ್ತಲ್ಲ?"

ಅಮೆರಿಕದ ಕಾಲೇಜು ಮ್ಯೂಸಿಯಂಗಳ ನಿಜವಾದ ಆತಂಕ ಇದೇ. ಮ್ಯೂಸಿಯಂಗಳ ವೃತ್ತಿಸಂಘಗಳು ಒಪ್ಪಿಕೊಂಡ ನಿಯಮ ಸ್ಪಷ್ಟ: ಕೃತಿ ಮಾರಿದ ಹಣ ಸಂಗ್ರಹಕ್ಕೇ ಹೋಗಬೇಕು, ಸಂಬಳಕ್ಕೋ ಕಟ್ಟಡಕ್ಕೋ ಬಳಸಬಾರದು. ಆದರೆ ಕಾಲೇಜಿನ ಆಡಳಿತ ಮಂಡಳಿಗೆ ಚಿತ್ರ ಒಂದು ಆಸ್ತಿಯಾಗಿ ಕಾಣತೊಡಗಿದರೆ ಆ ನಿಯಮ ತಡೆಯಲಾರದು. ವರ್ಜೀನಿಯಾದ ರ‍್ಯಾಂಡಾಲ್ಫ್ ಕಾಲೇಜು ಜಾರ್ಜ್ ಬೆಲೋಸ್‌ನ ಒಂದು ಚಿತ್ರವನ್ನು 2014ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ 2.55 ಕೋಟಿ ಡಾಲರಿಗೆ ಮಾರಿತು. ಆ ಚಿತ್ರವನ್ನು 1920ರಲ್ಲಿ ಕೊಂಡಾಗ ಅದಕ್ಕಾಗಿ ಹಣ ಕೂಡಿಸಿದವರಲ್ಲಿ ಅಲ್ಲಿನ ವಿದ್ಯಾರ್ಥಿನಿಯರೂ ಇದ್ದರು. ಚಿತ್ರ ಈಗ ಇನ್ನೂ ಹೆಚ್ಚು ಜನರ ಕಣ್ಣಿಗೆ ಬೀಳುತ್ತಿದೆ, ಒಪ್ಪುತ್ತೇನೆ. ಆದರೂ ಊರವರು ನಂಬಿ ಕೊಟ್ಟದ್ದನ್ನು ಊರಿನಿಂದ ಕಳಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ದೇವಸ್ಥಾನದ ಹುಂಡಿಗೆ ಹಾಕಿದ ಒಡವೆಯನ್ನು ಕಾಂಪೌಂಡ್ ಕಟ್ಟಲು ಮಾರುವುದಾದರೆ ನಾವು ಕೇಳುತ್ತೇವೆ, ಅಲ್ಲವೇ?

"ಇಲ್ಲಿರೋದೆಲ್ಲ ನ್ಯಾಯವಾಗಿ ಬಂದದ್ದೇನಾ?"

ಎಲ್ಲವೂ ಎನ್ನಲಾಗದು, ಕನಿಷ್ಠ ಒಂದನ್ನು ಮರಳಿಸಬೇಕಾಯಿತು. ಆಸ್ಟ್ರಿಯಾದ ಎಗೊನ್ ಶೀಲೆ 1911ರಲ್ಲಿ ಬರೆದ ಕಪ್ಪು ಕೂದಲ ಹುಡುಗಿಯ ಚಿತ್ರ ಇಲ್ಲಿತ್ತು. ಅದು ವಿಯೆನ್ನಾದ ರಂಗ ಕಲಾವಿದ ಫ್ರಿಟ್ಸ್ ಗ್ರೂನ್‌ಬಾಮ್‌ಗೆ ಸೇರಿದ್ದು. ಯಹೂದಿಯಾದ ಅವರನ್ನು ನಾಜಿಗಳು ಸೆರೆಹಿಡಿದು ಸಂಗ್ರಹ ಕಿತ್ತುಕೊಂಡರು. 1941ರಲ್ಲಿ ನಾಜಿಗಳ ಡಾಹಾವ್ ಸೆರೆ ಶಿಬಿರದಲ್ಲಿ ಅವರು ಸತ್ತರು. 2023ರಲ್ಲಿ ನ್ಯೂಯಾರ್ಕ್‌ನ ತನಿಖಾಧಿಕಾರಿಗಳು ಚಿತ್ರದ ಮೇಲೆ ಜಪ್ತಿ ಆದೇಶ ತಂದರು, 2024ರ ಜನವರಿಯಲ್ಲಿ ಅದು ವಾರಸುದಾರರಿಗೆ ಮರಳಿತು. ಹಾಗಾಗಿ ಗೋಡೆಯ ಚೀಟಿಯ ಕೊನೆಯ ಸಾಲನ್ನೂ ಓದಿ: ಯಾರು ಕೊಟ್ಟರು, ಯಾವ ವರ್ಷ ಬಂತು. ನಾಜಿಗಳ ಆಳ್ವಿಕೆಯ ಕಾಲದಲ್ಲಿ, 1933ರಿಂದ 1945ರ ನಡುವೆ, ಯೂರೋಪಿನಲ್ಲಿ ಕೈ ಬದಲಾಯಿಸಿದ ಚಿತ್ರವಾದರೆ ಆ ಸಾಲಿನಲ್ಲೇ ಒಂದು ಪ್ರಶ್ನೆ ಇರುತ್ತದೆ.

"ನಮ್ಮ ಕಾಲೇಜುಗಳಲ್ಲಿ ಇಂಥದ್ದು ಯಾಕಿಲ್ಲ?"

ಇದೆ, ನಾವು ಹೋಗುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯ ವಿಶ್ವವಿದ್ಯಾನಿಲಯದ್ದೇ. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ತೊಗಲುಗೊಂಬೆ, ವೇಷಭೂಷಣ, ದಿನಬಳಕೆಯ ವಸ್ತುಗಳು ಅಲ್ಲಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯಲ್ಲೂ ಶಿಲ್ಪ, ಶಾಸನಗಳ ಸಂಗ್ರಹವಿದೆ. ಮುಂದಿನ ಸಲ ಊರಿಗೆ ಹೋದಾಗ ಅರಮನೆ, ಮೃಗಾಲಯದ ಜೊತೆಗೆ ಒಂದು ಬೆಳಿಗ್ಗೆ ಇದಕ್ಕೂ ಎತ್ತಿಡಿ. ತೆರೆದಿದೆಯೇ ಎಂದು ಮೊದಲು ಕೇಳಿಕೊಳ್ಳಿ.

"ಒಳಗೆ ಇಟ್ಟಿರೋದನ್ನು ನಮ್ಮಂಥ ಸಾಮಾನ್ಯರು ಕೇಳಿ ನೋಡಬಹುದಾ?"

ಕೇಳಿ. ಕಾಗದದ ಮೇಲಿನ ಕೃತಿಗಳನ್ನು ನೋಡಲೆಂದೇ ಒಂದು ಅಧ್ಯಯನ ಕೋಣೆ ಇದೆ, ಮುಂಚಿತವಾಗಿ ಸಮಯ ಗೊತ್ತು ಮಾಡಿಕೊಳ್ಳಬೇಕು. ಕಾಲೇಜು ಸಂಗ್ರಹಗಳು ಇಂಥ ಕೋರಿಕೆಗೆ ಒಗ್ಗಿಕೊಂಡವು. ಎರಡು ಮೂರು ವಾರ ಮೊದಲೇ ಪತ್ರ ಬರೆಯಿರಿ. "ಎಲ್ಲ ತೋರಿಸಿ" ಎನ್ನಬೇಡಿ. ಮ್ಯೂಸಿಯಂನ ಪಟ್ಟಿಯಲ್ಲಿ ಹುಡುಕಿ ನಾಲ್ಕೈದು ಕೃತಿಗಳ ಹೆಸರು, ಸಂಖ್ಯೆ ಬರೆದು, ಯಾಕೆ ನೋಡಬೇಕೆಂದು ಎರಡು ಸಾಲಿನಲ್ಲಿ ಹೇಳಿ. ಪಂಡಿತರಾಗಿರಬೇಕಿಲ್ಲ; "ಮಳೆಯ ಚಿತ್ರಗಳೆಂದರೆ ನನಗಿಷ್ಟ" ಎಂಬುದೂ ಕಾರಣವೇ. ಪರೀಕ್ಷೆಯ ವಾರಗಳನ್ನು ಬಿಟ್ಟು ದಿನ ಕೇಳಿ.

ಹೋದ ದಿನ ಕೈ ತೊಳೆದುಕೊಂಡು ಕೂರುತ್ತೀರಿ. ಅಲ್ಲಿನವರು ಪೆಟ್ಟಿಗೆ ತೆರೆದು ಹಿರೋಶಿಗೆಯ ಒಂದು ಹಾಳೆಯನ್ನು ಮೇಜಿನ ಮೇಲೆ ಇಡುತ್ತಾರೆ. ನಡುವೆ ಗಾಜಿಲ್ಲ. ಸ್ವಲ್ಪ ಬಾಗಿ ಓರೆಯಾಗಿ ನೋಡಿದರೆ ಆಕಾಶದ ನೀಲಿಯೊಳಗೆ ಹಲಗೆಯ ಮರದ ಎಳೆಗಳು ಕಾಣುತ್ತವೆ, ಮಳೆಯ ಗೆರೆ ಒತ್ತಿದ ಕಡೆ ಕಾಗದ ತಗ್ಗಿರುವುದೂ ಕಾಣುತ್ತದೆ.